ಸೆಕೆಂಡ್ ಹ್ಯಾಂಡ್ ಹಿಟಾಚಿ ಕೈಕೊಟ್ಟಾಗ: ದೋಷ ಕರೆಂಟಿನದೋ, ಆಯಿಲ್‌ನದೋ?

ತೋಟಕ್ಕೆ ಬಸಿಗಾಲುವೆ ತೆಗೆಯಲು, ಕೃಷಿ ಹೊಂಡಕ್ಕೆ, ಸೈಟ್ ಲೆವೆಲ್ ಮಾಡಲು, ಕ್ವಾರಿಯಲ್ಲಿ ಲಾರಿ ತುಂಬಲು ಈಗ ಎಲ್ಲೆಲ್ಲೂ ಹಿಟಾಚಿಯೇ ಬೇಕು (ಯಾವ ಕಂಪನಿಯ ಎಕ್ಸ್‌ಕವೇಟರ್ ಆದರೂ ನಮ್ಮ ಮಾತಿನಲ್ಲಿ ಅದು ಹಿಟಾಚಿಯೇ). ಹೊಸದಕ್ಕೆ ಕೈ ಹಾಕಲಾಗದವರು ಹಳೆಯದನ್ನು ಸಾಲ ಮಾಡಿ ತರುತ್ತಾರೆ. ಕಂತು ಶುರುವಾಗಿ ಸ್ವಲ್ಪ ದಿನಕ್ಕೇ ಆಪರೇಟರ್ ಫೋನ್ ಬರುತ್ತದೆ: "ಅಣ್ಣಾ, ಗಾಡಿ ಲೋಡ್ ತಗೊಳ್ತಿಲ್ಲ." ಮೆಕ್ಯಾನಿಕ್ ಬಂದು ಒಂದು ಸುತ್ತು ಹಾಕಿ "ಪಂಪ್ ಹೋಗಿದೆ" ಅಂದರೆ ಅದು ಲಕ್ಷಗಳ ಮಾತು. ಹೋಗಿರಲೂಬಹುದು. ಆದರೆ ಅದೇ ಲಕ್ಷಣವನ್ನು ಹಸಿರು ಕಿಲುಬು ಕಟ್ಟಿದ ಒಂದು ಕನೆಕ್ಟರ್ ಕೂಡ ತೋರಿಸಬಲ್ಲದು.

ಮಾಲೀಕರು ಸ್ಪ್ಯಾನರ್ ಹಿಡಿಯಬೇಕಿಲ್ಲ. ಆದರೆ ದೋಷವನ್ನು ಯಾವ ಕ್ರಮದಲ್ಲಿ ಹುಡುಕುತ್ತಾರೆ ಅಂತ ಗೊತ್ತಿದ್ದರೆ ಪಂಪ್ ಬಿಚ್ಚುವ ಮೊದಲು ನಾಲ್ಕು ಪ್ರಶ್ನೆ ಕೇಳಬಹುದು. ನಮ್ಮಲ್ಲಿ ಹೆಚ್ಚಾಗಿ ಓಡುವ 20 ಟನ್ ವರ್ಗದ ಮಶೀನುಗಳನ್ನು, ಅಂದರೆ ಧಾರವಾಡದಲ್ಲೂ ಕಾರ್ಖಾನೆ ಇರುವ ಟಾಟಾ ಹಿಟಾಚಿಯ ಇಎಕ್ಸ್200, ಕೊಮಾಟ್ಸು ಪಿಸಿ200 ತರಹದವನ್ನು, ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಲಿವರ್ ಎಳೆದಾಗ ಒಳಗೆ ಏನಾಗುತ್ತದೆ?

ಇಂಜಿನ್ನಿನ ಹಿಂಬದಿಗೆ ಮೇನ್ ಪಂಪ್ ಕೂತಿರುತ್ತದೆ. ಹೊರಗಿನಿಂದ ಒಂದೇ ತುಂಡು ಅನಿಸಿದರೂ ಒಳಗೆ ಎರಡು ಪಿಸ್ಟನ್ ಪಂಪುಗಳಿವೆ. ಒಂದೊಂದೂ ನಿಮಿಷಕ್ಕೆ ಸುಮಾರು 200 ಲೀಟರ್ ಆಯಿಲ್ ತಳ್ಳಬಲ್ಲದು. ಜೊತೆಗೆ ಪುಟ್ಟ ಗೇರ್ ಪಂಪ್ ಒಂದಿದೆ, ಅದು ಪೈಲಟ್ ಪಂಪ್.

ಆಪರೇಟರ್ ಕೈಯಲ್ಲಿರುವ ಜಾಯ್‌ಸ್ಟಿಕ್ ನೇರವಾಗಿ ದೊಡ್ಡ ಆಯಿಲ್ ಲೈನನ್ನು ತೆರೆಯುವುದಿಲ್ಲ. ಅದು ತೆರೆಯುವುದು ಪೈಲಟ್ ಆಯಿಲನ್ನು. ಆ ಸಣ್ಣ ಒತ್ತಡ ತೆಳು ಪೈಪುಗಳಲ್ಲಿ ಹೋಗಿ ಮೇನ್ ವಾಲ್ವಿನ ಒಳಗಿರುವ ಸ್ಪೂಲ್ ಅನ್ನು, ಅಂದರೆ ಹಿಂದೆ ಮುಂದೆ ಸರಿಯುವ ಉಕ್ಕಿನ ಕಡ್ಡಿಯನ್ನು, ತಳ್ಳುತ್ತದೆ. ಸ್ಪೂಲ್ ಸರಿದ ಮೇಲೆಯೇ ಮೇನ್ ಪಂಪಿನ ಆಯಿಲ್ ಸಿಲಿಂಡರಿಗೋ ಮೋಟರಿಗೋ ನುಗ್ಗುವುದು. ಪೈಲಟ್ ಒತ್ತಡ ಚದರ ಸೆಂಟಿಮೀಟರಿಗೆ 33ರಿಂದ 40 ಕೆಜಿ ಅಷ್ಟೆ. ಮೇನ್ ಲೈನಿನಲ್ಲಿ 350 ಕೆಜಿಯ ಆಸುಪಾಸು. 12 ಸೆಂ.ಮೀ. ಒಳವ್ಯಾಸದ ಒಂದು ಬೂಮ್ ಸಿಲಿಂಡರಿನ (ಬೂಮ್ ಅಂದರೆ ಗಾಡಿಯ ಮೈಗೆ ಸೇರಿದ ದೊಡ್ಡ ತೋಳು) ಪಿಸ್ಟನ್ 113 ಚದರ ಸೆಂಟಿಮೀಟರ್ ಆಗುತ್ತದೆ. 350ರಿಂದ ಗುಣಿಸಿದರೆ ಸುಮಾರು 39.5 ಟನ್ ತಳ್ಳುವ ಬಲ. ಬಂಡೆ ಅಲುಗುವುದು ಇದರಿಂದಲೇ.

ಹಾಗಾದರೆ ಕರೆಂಟಿಗೆ ಇಲ್ಲಿ ಏನು ಕೆಲಸ? ತುಂಬಾ ಇದೆ. ಪೈಲಟ್ ಆಯಿಲ್ ಬಿಡಬೇಕೋ ತಡೆಯಬೇಕೋ ಅನ್ನುವುದು, ಇಂಜಿನ್ ಸ್ಪೀಡ್, ಪಂಪ್ ಎಷ್ಟು ಆಯಿಲ್ ತಳ್ಳಬೇಕು ಅನ್ನುವುದು, ಟ್ರಾವೆಲ್ (ಚೈನ್ ಮೇಲೆ ಗಾಡಿ ಓಡುವುದು) ಫಾಸ್ಟೋ ಸ್ಲೋವೋ, ಕೆಲವು ಮಾಡೆಲ್‌ಗಳಲ್ಲಿ ಸ್ವಿಂಗ್ (ಗಾಡಿಯ ಮೇಲ್ಭಾಗ ತಿರುಗುವುದು) ಬ್ರೇಕು, ಇವುಗಳನ್ನೆಲ್ಲ ಕಂಟ್ರೋಲರ್ ಅನ್ನುವ ಕಂಪ್ಯೂಟರ್ ಪೆಟ್ಟಿಗೆ ಮತ್ತು ಸೊಲೆನಾಯ್ಡ್‌ಗಳು ನೋಡಿಕೊಳ್ಳುತ್ತವೆ. ಸೊಲೆನಾಯ್ಡ್ ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಅಯಸ್ಕಾಂತವಾಗಿ ವಾಲ್ವನ್ನು ಎಳೆಯುವ ಸಾಧನ.

ಒಟ್ಟಿನಲ್ಲಿ ಕರೆಂಟು, ಪೈಲಟ್, ಮೇನ್ ಅಂತ ಮೂರು ಹಂತ. ಮೂರರಲ್ಲಿ ಯಾವುದು ಕೈಕೊಟ್ಟರೂ ಕ್ಯಾಬಿನ್ನಿನಲ್ಲಿ ಕೂತವನಿಗೆ ಕಾಣುವುದು ಒಂದೇ: ಬಕೆಟ್ ಸರಿಯಾಗಿ ಆಡುತ್ತಿಲ್ಲ.

ನಿಧಾನವೋ, ಬಲ ಇಲ್ಲವೋ?

ಆಪರೇಟರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. "ಪಿಕಪ್ ಇಲ್ಲ" ಅಂದರೆ ಎರಡೂ ಆಗಬಹುದು. ಎರಡಕ್ಕೂ ಕಾರಣ ಬೇರೆ ಬೇರೆ.

ಪಂಪ್ ಒತ್ತಡವನ್ನು ತಯಾರಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪಂಪ್ ತಳ್ಳುವುದು ಆಯಿಲನ್ನು ಮಾತ್ರ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟು ನೋಡಿ. ಬೆರಳು ತೆಗೆದರೆ ನೀರು ಸುಮ್ನೆ ಸುರಿಯುತ್ತದೆ, ಒತ್ತಿ ಹಿಡಿದರೆ ಬೆರಳನ್ನೇ ತಳ್ಳುತ್ತದೆ. ಮೋಟರ್ ಎರಡೂ ಸಲ ಅದೇ. ತಡೆ ಬಂದಾಗ ಒತ್ತಡ ಹುಟ್ಟಿತು, ಅಷ್ಟೆ.

ಹಿಟಾಚಿಯಲ್ಲಿ ಆ ತಡೆ ಅಂದರೆ ಬಕೆಟ್ಟಿನಲ್ಲಿರುವ ಮಣ್ಣು. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲನ್ನು ಟ್ಯಾಂಕಿಗೆ ಬಿಟ್ಟುಬಿಡುತ್ತದೆ. ಹಾಗಾಗಿ ಬಕೆಟ್ ಖಾಲಿ ಇದ್ದಾಗ ಜೋರಾಗಿ ಆಡಿ, ಗಟ್ಟಿ ಮಣ್ಣಿಗೆ ಹಾಕಿದ ಕೂಡಲೇ ನಿಂತುಬಿಟ್ಟರೆ ಒತ್ತಡ ಕಟ್ಟುತ್ತಿಲ್ಲ ಅಂತ ಅರ್ಥ. ಮೊದಲ ಅನುಮಾನ ರಿಲೀಫ್ ವಾಲ್ವಿನ ಮೇಲೆ. ಒಂದು ಕಸದ ಚೂರು ಅದರ ಸೀಟಿನಲ್ಲಿ ಸಿಕ್ಕಿಕೊಂಡರೂ ಸಾಕು. ಅದೇ ಖಾಲಿ ಬಕೆಟ್ಟೇ ತೆವಳುತ್ತಿದ್ದು, ಗಟ್ಟಿ ಮಣ್ಣನ್ನು ನಿಧಾನವಾಗಿಯಾದರೂ ಅಗೆಯುತ್ತಿದ್ದರೆ ಆಯಿಲ್ ಪ್ರಮಾಣ ಕಡಿಮೆ. ಪಂಪ್ ಕಡಿಮೆ ತಳ್ಳುತ್ತಿದೆ, ಇಲ್ಲವೇ ಪೈಲಟ್ ಒತ್ತಡ ಸಾಲದೆ ಸ್ಪೂಲ್ ಪೂರ್ತಿ ತೆರೆಯುತ್ತಿಲ್ಲ.

ಇದು ಗೊತ್ತಿಲ್ಲದೆ ನಡೆಯುವ ಒಂದು ಅವಾಂತರ ಇದೆ. ಗಾಡಿ ನಿಧಾನ ಅಂದ ಕೂಡಲೇ ಕೆಲವರು ರಿಲೀಫ್ ವಾಲ್ವಿನ ಸ್ಕ್ರೂ ಟೈಟ್ ಮಾಡುತ್ತಾರೆ. ಪ್ರಮಾಣ ಕಡಿಮೆ ಇರುವಲ್ಲಿ ಒತ್ತಡದ ಮಿತಿ ಏರಿಸಿದರೆ ವೇಗ ಬರುವುದಿಲ್ಲ. ಹೋಸ್ ಒಡೆಯುತ್ತದೆ, ಸೀಲ್ ಹೋಗುತ್ತದೆ, ಪಂಪಿಗೂ ಪೆಟ್ಟು. ಒತ್ತಡ ಅಳೆಯುವ ಗೇಜ್ ಹಾಕದೆ ಆ ಸ್ಕ್ರೂ ಮುಟ್ಟಲು ಯಾರನ್ನೂ ಬಿಡಬೇಡಿ.

ಎಲ್ಲವೂ ನಿಧಾನವೋ, ಒಂದೋ, ಅರ್ಧವೋ?

ಎರಡನೇ ಪ್ರಶ್ನೆ ಇದು. ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಜಾಸ್ತಿ ದುಡ್ಡು ಉಳಿಸುವ ಪ್ರಶ್ನೆ ಇನ್ನೊಂದಿಲ್ಲ. ಗೇಜ್ ಬೇಡ, ಮೀಟರ್ ಬೇಡ. ಕಾಗದ, ಪೆನ್ನು, ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಎಲ್ಲ ಕೆಲಸಗಳೂ ಒಟ್ಟಿಗೆ ಸತ್ತಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಭಾಗದಲ್ಲಿ ದೋಷ. ಎರಡು ಮೇನ್ ಪಂಪ್ ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಮೊದಲು ನೋಡಬೇಕಾದದ್ದು ಸೀಟಿನ ಎಡಗಡೆಯ ಸೇಫ್ಟಿ ಲಾಕ್ ಲಿವರ್. ಹಲವು ಮಾಡೆಲ್‌ಗಳಲ್ಲಿ ಅದನ್ನು ಕೆಳಗಿಳಿಸಿದಾಗ ಒಂದು ಸ್ವಿಚ್ ಒತ್ತಿ, ಸೊಲೆನಾಯ್ಡಿಗೆ ಕರೆಂಟ್ ಹೋಗಿ, ಪೈಲಟ್ ಆಯಿಲ್ ತೆರೆಯಬೇಕು. ಸ್ವಿಚ್ಚಿಗೆ ಮಣ್ಣು ಕೂತಿದ್ದರೆ, ಫ್ಯೂಸ್ ಹೋಗಿದ್ದರೆ, ಕಾಯಿಲ್ ಸುಟ್ಟಿದ್ದರೆ 20 ಟನ್ನಿನ ಗಾಡಿ ಇಂಜಿನ್ ಓಡಿಸಿಕೊಂಡು ಸುಮ್ನೆ ನಿಂತಿರುತ್ತದೆ. ಇದನ್ನು ನೋಡಲು ಸುಲಭದ ಉಪಾಯ ಇದೆ. ಇಂಜಿನ್ ಆಫ್ ಮಾಡಿ, ಕೀ ಆನ್ ಇಡಿ. ಒಬ್ಬರು ಲಾಕ್ ಲಿವರ್ ಮೇಲೆ ಕೆಳಗೆ ಮಾಡಲಿ. ಇನ್ನೊಬ್ಬರು ಸೊಲೆನಾಯ್ಡಿನ ತುದಿಯ ನಟ್ಟಿಗೆ ಸ್ಕ್ರೂಡ್ರೈವರ್ ತಾಗಿಸಲಿ. ಕಾಯಿಲ್‌ಗೆ ಕರೆಂಟ್ ಬಂದರೆ ಸ್ಕ್ರೂಡ್ರೈವರ್ ಅಂಟಿಕೊಂಡಂತೆ ಎಳೆಯುತ್ತದೆ. ಎಳೆದರೂ ಗಾಡಿ ಆಡದಿದ್ದರೆ ದೋಷ ಕರೆಂಟಿನಿಂದ ಮುಂದಕ್ಕಿದೆ: ವಾಲ್ವ್ ಸಿಕ್ಕಿಕೊಂಡಿರಬಹುದು, ಪೈಲಟ್ ಫಿಲ್ಟರ್ ಕಟ್ಟಿರಬಹುದು, ಪೈಲಟ್ ಪಂಪ್ ಸವೆದಿರಬಹುದು. ಪೈಲಟ್ ಲೈನಿಗೆ ಗೇಜ್ ಹಾಕಿದರೆ ಉತ್ತರ ಸಿಗುತ್ತದೆ.

ಒಂದೇ ಒಂದು ಕೆಲಸ ಕೆಟ್ಟಿದ್ದರೆ, ಉದಾಹರಣೆಗೆ ಬಕೆಟ್ ಮಾತ್ರ, ಪಂಪನ್ನು ಬಿಟ್ಟುಬಿಡಿ. ಅದೇ ಪಂಪಿನ ಉಳಿದ ಕೆಲಸಗಳು ಚೆನ್ನಾಗಿವೆ, ಅಲ್ವಾ? ಆ ಬಕೆಟ್ಟಿನ ಪೈಲಟ್ ಪೈಪು, ಸ್ಪೂಲ್, ಅದರದೇ ಪೋರ್ಟ್ ರಿಲೀಫ್ (ಆ ಒಂದು ಲೈನಿಗಷ್ಟೇ ಇರುವ ರಿಲೀಫ್ ವಾಲ್ವ್), ಸಿಲಿಂಡರ್ ಸೀಲ್, ಇಷ್ಟರಲ್ಲೇ ಹುಡುಕಬೇಕು. ಬಕೆಟ್ ಒಳಗೆ ಎಳೆಯುವಾಗ ಮಾತ್ರ ನಿಧಾನ, ಹೊರಗೆ ಚಾಚುವಾಗ ಸರಿ ಅಂದರೆ ಹುಡುಕುವ ಜಾಗ ಇನ್ನೂ ಅರ್ಧವಾಯಿತು.

ಮಜಾ ಇರುವುದು ಅರ್ಧ ಕೆಲಸ ಕೆಟ್ಟಾಗ. ಹಿಟಾಚಿ ಕಂಪನಿಯ ಈ ವರ್ಗದ ಮಶೀನುಗಳಲ್ಲಿ ಮೇನ್ ವಾಲ್ವ್ ಎರಡು ಗುಂಪಾಗಿದೆ. ಒಂದು ಪಂಪಿನ ಗುಂಪಿನಲ್ಲಿ ಬಲಗಡೆ ಟ್ರಾವೆಲ್, ಬಕೆಟ್, ಬೂಮಿನ ಮುಖ್ಯ ಸ್ಪೂಲ್. ಇನ್ನೊಂದರಲ್ಲಿ ಎಡಗಡೆ ಟ್ರಾವೆಲ್, ಸ್ವಿಂಗ್, ಆರ್ಮಿನ (ಬೂಮಿಗೂ ಬಕೆಟ್ಟಿಗೂ ನಡುವಿನ ತೋಳಿನ) ಮುಖ್ಯ ಸ್ಪೂಲ್. ಬೂಮ್ ಎತ್ತುವಾಗ, ಆರ್ಮ್ ಆಡಿಸುವಾಗ ಎರಡು ಪಂಪೂ ಕೈಗೂಡಿಸುತ್ತವೆ. ಕೊಮಾಟ್ಸುವಿನಲ್ಲಿ ಎರಡು ಪಂಪಿನ ಆಯಿಲನ್ನು ಕೂಡಿಸುವ, ಬೇರ್ಪಡಿಸುವ ವಾಲ್ವ್ ಇರುವುದರಿಂದ ಹಂಚಿಕೆ ಇದಕ್ಕಿಂತ ಬೇರೆ. ನಿಮ್ಮ ಮಾಡೆಲ್ಲಿನ ಹಂಚಿಕೆ ಸರ್ವಿಸ್ ಮ್ಯಾನುವಲ್ಲಿನ ಸರ್ಕ್ಯೂಟ್ ಚಿತ್ರದಲ್ಲಿದೆ.

ಈಗ ಒಂದು ಲೆಕ್ಕ ಮಾಡೋಣ. ಇಎಕ್ಸ್200 ನೇರ ಓಡಿಸಿದರೆ ಎಡಕ್ಕೆ ಎಳೆಯುತ್ತಿದೆ ಅಂತಿಟ್ಟುಕೊಳ್ಳಿ, ಅಂದರೆ ಎಡ ಚೈನ್ ನಿಧಾನ. ಬಕೆಟ್ ಚೆನ್ನಾಗಿದೆ. ಬೂಮ್ ಎತ್ತುವುದು ಸ್ವಲ್ಪ ಮಂಕು. ಸ್ವಿಂಗ್? ತಿರುಗಿಸಿ ಸಮಯ ನೋಡಿದರೆ ಅದೂ ನಿಧಾನ. ಎಡ ಟ್ರಾವೆಲ್ ಮತ್ತು ಸ್ವಿಂಗ್ ಒಂದೇ ಗುಂಪು. ಎರಡೂ ಒಟ್ಟಿಗೆ ಮಂಕಾಗಿವೆ ಅಂದರೆ ಆ ಪಂಪು, ಅದರ ರೆಗ್ಯುಲೇಟರ್, ಅಥವಾ ರೆಗ್ಯುಲೇಟರಿಗೆ ಸಂಕೇತ ತರುವ ದಾರಿ. ರೆಗ್ಯುಲೇಟರ್ ಅಂದರೆ ಪಂಪ್ ಎಷ್ಟು ತಳ್ಳಬೇಕು ಅಂತ ನಿರ್ಧರಿಸುವ ಭಾಗ. ಹೋಸ್ ಉದ್ದ ಒದಗಿದರೆ ಎರಡು ಪಂಪಿನ ಔಟ್‌ಲೆಟ್ ಹೋಸುಗಳನ್ನು ಅದಲು ಬದಲು ಮಾಡಿ ನೋಡುತ್ತಾರೆ. ಮಂಕು ಬಲಕ್ಕೆ ಹಾರಿದರೆ ದೋಷ ಪಂಪಿನ ಕಡೆ. ಎಡದಲ್ಲೇ ಉಳಿದರೆ ವಾಲ್ವಿನಿಂದ ಮುಂದೆ.

ಸ್ವಿಂಗ್ ಸರಿಯಾಗಿದ್ದು ಎಡ ಚೈನ್ ಮಾತ್ರ ನಿಧಾನ ಅಂತಿದ್ದರೆ ಕಥೆಯೇ ಬೇರೆ. ಆಗ ಪಂಪ್ ನಿರ್ದೋಷಿ. ಉಳಿದದ್ದು ಎಡ ಟ್ರಾವೆಲ್ ಸ್ಪೂಲ್, ಮೇಲಿನ ಮತ್ತು ಕೆಳಗಿನ ಭಾಗದ ನಡುವೆ ಆಯಿಲ್ ದಾಟಿಸುವ ಸೆಂಟರ್ ಜಾಯಿಂಟ್, ಟ್ರಾವೆಲ್ ಮೋಟರ್. ಸೆಂಟರ್ ಜಾಯಿಂಟಿನ ಕೆಳಗೆ ಎಡ ಬಲ ಹೋಸುಗಳನ್ನು ಬದಲಿಸಿದರೆ ಮೋಟರಿನದೋ ಮೇಲಿನದೋ ಅಂತ ತಿಳಿಯುತ್ತದೆ. ಚೈನಿನ ವೇಗ ಅಳೆಯಲು ಬೂಮ್ ಊರಿ ಒಂದು ಬದಿಯನ್ನು ನೆಲದಿಂದ ಎತ್ತಿ, ಚೈನಿನ ಒಂದು ಪ್ಲೇಟಿಗೆ ಚಾಕ್ ಗುರುತು ಹಾಕಿ, ಮೂರು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ನೋಡುತ್ತಾರೆ. ಹಿಂದಕ್ಕೂ ಮುಂದಕ್ಕೂ ನೋಡಬೇಕು.

ಇಂಜಿನ್ ದನಿ ಕೇಳಿಸಿಕೊಳ್ಳಿ

ಲೋಡ್ ಬಿದ್ದಾಗ ಇಂಜಿನ್ ಕುಸಿದು, ಕಪ್ಪು ಹೊಗೆ ಬಿಟ್ಟು, ಆಫ್ ಆಗುವ ಹಾಗಾದರೆ ಹೈಡ್ರಾಲಿಕ್ಸ್ ಶಕ್ತಿ ಕೇಳುತ್ತಿದೆ, ಇಂಜಿನ್ ಕೊಡಲಾಗುತ್ತಿಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮೊದಲು ನೋಡಿ. ಅವು ಸರಿಯಿದ್ದರೆ ಪಂಪ್ ಮಿತಿ ಮೀರಿ ಹೊರೆ ಹೇರುತ್ತಿರಬಹುದು, ಅಂದರೆ ಅದನ್ನು ಹದ್ದುಬಸ್ತಿನಲ್ಲಿಡುವ ಕರೆಂಟ್ ಸಂಕೇತ ತಪ್ಪಿರಬಹುದು. ಇದಕ್ಕೆ ಉಲ್ಟಾ, ಗಾಡಿ ತೆವಳುತ್ತಿದ್ದರೂ ಇಂಜಿನ್ ಆರಾಮಾಗಿ ಒಂದೇ ದನಿಯಲ್ಲಿ ಓಡುತ್ತಿದ್ದರೆ ಇಂಜಿನ್ ಮೇಲೆ ಹೊರೆಯೇ ಬಿದ್ದಿಲ್ಲ. ಪಂಪ್ ಪೂರ್ತಿ ತಳ್ಳುತ್ತಿಲ್ಲ, ಅಥವಾ ತಳ್ಳಿದ್ದು ಒಳಗೇ ಸೋರಿ ಟ್ಯಾಂಕಿಗೆ ಹೋಗುತ್ತಿದೆ.

ತಣ್ಣಗಿದ್ದಾಗ, ಬಿಸಿಯಾದಾಗ ಆಗುವ ವ್ಯತ್ಯಾಸವೂ ಮುಖ್ಯ. ಬೆಳಗ್ಗೆ ಚೆನ್ನಾಗಿದ್ದು ಎರಡು ತಾಸಿನ ನಂತರ ಮಂಕಾಗುವ ಗಾಡಿಯಲ್ಲಿ ಒಳಸೋರಿಕೆಯ ಸಾಧ್ಯತೆ ಜಾಸ್ತಿ. ಬಿಸಿ ಆಯಿಲ್ ತೆಳ್ಳಗಾಗಿ ಸವೆದ ಸಂದಿಗಳಲ್ಲಿ ಜಾರಿಕೊಳ್ಳುತ್ತದೆ. ಆದರೆ ಬಿಸಿಯಾದಾಗ ಕೈಕೊಡುವ ಕಾಯಿಲ್‌ಗಳೂ ಇವೆ. ವ್ಯತ್ಯಾಸ ಇಷ್ಟು: ಸವೆತದಿಂದ ಗಾಡಿ ಮೆಲ್ಲಮೆಲ್ಲಗೆ ಮಂಕಾಗುತ್ತದೆ, ಕರೆಂಟ್ ದೋಷದಿಂದ ಹೆಚ್ಚಾಗಿ ಟಕ್ ಅಂತ ಬದಲಾಗುತ್ತದೆ. ಗುಂಡಿಗೆ ಬಿದ್ದಾಗ ಹೋಗಿ ಇನ್ನೊಂದು ಜರ್ಕಿಗೆ ತಾನೇ ಸರಿಹೋದರೆ ವೈರಿಂಗ್ ನೋಡಿ.

24 ವೋಲ್ಟಿನ ಕಡೆ

ಈ ಗಾಡಿಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ಮಾಡಿರುತ್ತಾರೆ. ಇಂಜಿನ್ ಆಫ್ ಇದ್ದು ವಿಶ್ರಾಂತಿಯಲ್ಲಿದ್ದಾಗ ಚಾರ್ಜ್ ತುಂಬಿದ ಜೋಡಿ 25.2 ವೋಲ್ಟಿನ ಮೇಲೆ ತೋರಿಸಬೇಕು. ಇಂಜಿನ್ ಓಡುವಾಗ 27.5ರಿಂದ 28.5. ಸೆಲ್ಫ್ ಹೊಡೆಯುವಾಗ 19ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲ ಇರಬಹುದು. ಎರಡನ್ನೂ ಬೇರೆ ಬೇರೆ ಅಳೆಯಿರಿ. ಒಂದೇ ಬ್ಯಾಟರಿ ಕೆಟ್ಟು ಜೋಡಿಯನ್ನೇ ಮಂಕು ಮಾಡುವುದು ಮಾಮೂಲು.

ಇಲ್ಲಿ ಮಲ್ಟಿಮೀಟರ್ ಹಿಡಿದವರೂ ಮೋಸಹೋಗುವ ಒಂದು ಜಾಗ ಇದೆ. ಬ್ಯಾಟರಿ ಸರಿ ಇದೆ, ಸೆಲ್ಫ್ ಮೋಟರ್ ಈಗ ತಾನೆ ರಿಪೇರಿಯಾಗಿ ಬಂದಿದೆ, ಆದರೂ ಇಂಜಿನ್ ಎಳೆದೂ ಎಳೆದೂ ತಿರುಗುತ್ತದೆ. ಕೇಬಲ್ಲಿಗೆ ಮೀಟರ್ ಹಿಡಿದು ಓಮ್ಸ್ ನೋಡಿದರೆ ಸೊನ್ನೆ. ಕೇಬಲ್ ಸರಿ ಅಂತ ತೀರ್ಮಾನ. ತಪ್ಪು! ಸೆಲ್ಫ್ ಹೊಡೆಯುವಾಗ ನೂರಾರು ಆಂಪಿಯರ್ ಹರಿಯುತ್ತದೆ. 400 ಆಂಪಿಯರ್ ಅಂತ ಇಟ್ಟುಕೊಂಡರೆ, ಕಿಲುಬು ಹಿಡಿದ ಟರ್ಮಿನಲ್ಲಿನ ಬರೀ 0.01 ಓಮ್ ತಡೆ 4 ವೋಲ್ಟ್ ನುಂಗಿಬಿಡುತ್ತದೆ. ಸಾಮಾನ್ಯ ಮೀಟರಿಗೆ 0.01 ಓಮ್ ಕಾಣುವುದೇ ಇಲ್ಲ.

ಹಾಗಾಗಿ ಕೆಲಸ ಮಾಡುವಾಗಲೇ ಅಳೆಯಬೇಕು. ಮೀಟರನ್ನು ವೋಲ್ಟಿನಲ್ಲಿಟ್ಟು ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ಬಾಡಿಗೆ ಇಡಿ. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿನೊಳಗಿದ್ದರೆ ಸರಿ. ಒಂದು ವೋಲ್ಟ್ ದಾಟಿದರೆ ಅರ್ಥಿಂಗ್ ದಾರಿಯಲ್ಲಿ ಎಲ್ಲೋ ತಡೆ ಇದೆ. ಪ್ಲಸ್ ಕಡೆಯೂ ಹೀಗೆಯೇ. ಬಣ್ಣ ಬಳಿದ ಬಾಡಿಯ ಮೇಲೆ ಕೂರಿಸಿದ ಅರ್ಥ್ ಬೋಲ್ಟು, ಬ್ಯಾಟರಿ ಕಟ್ ಆಫ್ ಸ್ವಿಚ್ಚು ಇಲ್ಲಿನ ಹಳೆ ಅಪರಾಧಿಗಳು.

ಸಣ್ಣ ವೈರುಗಳಲ್ಲೂ ಇದೇ ಮೋಸ. ಇಲಿ ಕಡಿದು ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 24 ತೋರಿಸುತ್ತದೆ, ಯಾಕೆಂದರೆ ಮೀಟರಿಗೆ ಬೇಕಾದ ಕರೆಂಟ್ ಏನೇನೂ ಅಲ್ಲ. ಅದೇ ವೈರಿಗೆ 24 ವೋಲ್ಟಿನ 21 ವ್ಯಾಟ್ ಬಲ್ಬು ಜೋಡಿಸಿ, ಉರಿಯುತ್ತದೋ ನೋಡಿ. ಹಳೇ ಎಲೆಕ್ಟ್ರಿಷಿಯನ್ನರು ಸೊಲೆನಾಯ್ಡ್ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯುವುದು ಇದಕ್ಕೇ. ಕಂಟ್ರೋಲರಿನ ಪಿನ್ನಿಗೆ, ಸೆನ್ಸರಿನ ಸಿಗ್ನಲ್ ವೈರಿಗೆ ಮಾತ್ರ ಈ ಬಲ್ಬು ತಾಗಿಸಬಾರದು. ಅಷ್ಟು ಕರೆಂಟನ್ನು ಅವು ತಾಳುವುದಿಲ್ಲ.

ಪ್ರೆಶರ್ ಸೆನ್ಸರುಗಳಿಗೆ ಸಾಮಾನ್ಯವಾಗಿ ಮೂರು ವೈರು: ಕಂಟ್ರೋಲರ್ ಕೊಡುವ 5 ವೋಲ್ಟ್, ಅರ್ಥ್, ಸಿಗ್ನಲ್. ಒತ್ತಡ ಸೊನ್ನೆ ಇದ್ದಾಗ ಸಿಗ್ನಲ್ಲಿನಲ್ಲಿ 0.5 ವೋಲ್ಟಿನಷ್ಟು, ಪೂರ್ತಿ ಇದ್ದಾಗ 4.5ರಷ್ಟು. ಈ 5 ವೋಲ್ಟಿನ ಲೈನನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುತ್ತವೆ. ಒಂದು ಸೆನ್ಸರ್ ಶಾರ್ಟ್ ಆದರೆ ಲೈನ್ ಕುಸಿದು, ಮಾನಿಟರಿನಲ್ಲಿ ಒಂದೇ ಸಲ ಐದಾರು ದೋಷದ ಕೋಡ್ ಬರುತ್ತವೆ. ಎಲ್ಲ ಸೆನ್ಸರ್ ಬದಲಿಸಲು ಹೊರಡಬೇಡಿ. ಕೀ ಆಫ್ ಮಾಡಿ ಒಂದೊಂದೇ ಕನೆಕ್ಟರ್ ಕಿತ್ತು, ಪ್ರತಿ ಸಲ ಕೀ ಆನ್ ಮಾಡಿ ಅಳೆಯಿರಿ. ಯಾವುದನ್ನು ಕಿತ್ತಾಗ 5 ವೋಲ್ಟ್ ಮರಳಿತೋ ಅದೇ ಕಳ್ಳ. ಕೋಡ್ ಹೇಳುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ. ವೈರೋ, ಪಿನ್ನೋ, ಸೆನ್ಸರೋ ಅನ್ನುವುದನ್ನು ಮನುಷ್ಯನೇ ಹುಡುಕಬೇಕು.

ಹಳೆ ಇಎಕ್ಸ್200 ಸರಣಿಗಳಲ್ಲಿ ಇಂಜಿನ್ ಸ್ಪೀಡ್ ಏರಿಸಲು ಇಸಿ ಮೋಟರ್ ಅನ್ನುವ ಪುಟ್ಟ ಮೋಟರ್ ಇದೆ. ಇಂಜಿನ್ ತಾನಾಗಿ ಏರಿಳಿಯುತ್ತಿದ್ದರೆ, ಡಯಲ್ ತಿರುಗಿಸಿದರೂ ಸ್ಪೀಡ್ ಬರದಿದ್ದರೆ ಅದರ ಕನೆಕ್ಟರ್, ಸೆನ್ಸರ್, ಕೇಬಲ್ ನೋಡುತ್ತಾರೆ. ಸ್ಪೀಡ್ ಇಲ್ಲದಿದ್ದರೆ ಆಯಿಲೂ ಇಲ್ಲ. ಹೈಡ್ರಾಲಿಕ್ ದೋಷ ಅಂತ ಬಂದ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಇನ್ನೊಂದು ಮಾತು. ಹಳೆ ಗಾಡಿಗಳ ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಕೇಬಲ್ ಮತ್ತು ಕಂಟ್ರೋಲರ್ ಕನೆಕ್ಟರ್ ಬಿಚ್ಚುವುದನ್ನು ಮರೆಯುತ್ತಾರೆ. ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ದೂರದ ಚೈನಿಗೆ ಕಚ್ಚಿಸುತ್ತಾರೆ. ಆ ಕರೆಂಟ್ ಪಿನ್ನು, ಬೇರಿಂಗ್, ವೈರಿಂಗ್ ಎಲ್ಲವನ್ನೂ ಹಾದು ಬರುತ್ತದೆ. ಗಾಡಿ ಕೊಳ್ಳುವಾಗ ಹೊಸ ವೆಲ್ಡಿಂಗ್ ಕಂಡರೆ ಎಲೆಕ್ಟ್ರಿಕಲ್ ಕೋಡುಗಳನ್ನು ತೆಗೆದು ನೋಡಿ.

ಕರೆಂಟೋ ಪಂಪೋ? ಒಂದು ಸ್ವಿಚ್ ಹೇಳುತ್ತದೆ

ಕೊಮಾಟ್ಸು ಪಿಸಿ200ರ ಹಲವು ಸರಣಿಗಳಲ್ಲಿ ಕ್ಯಾಬಿನ್ನಿನೊಳಗೆ ಪಂಪಿನ ಎಮರ್ಜೆನ್ಸಿ ಸ್ವಿಚ್ ಇದೆ. ಮಾನಿಟರಿನಲ್ಲಿ ಇ02 ಕೋಡ್ ಬಂದರೆ ಪಂಪಿಗೆ ಸಂಕೇತ ಕೊಡುವ ಪಿಸಿ-ಇಪಿಸಿ ಸೊಲೆನಾಯ್ಡಿನ ಸರ್ಕ್ಯೂಟಿನಲ್ಲಿ ತೊಂದರೆ ಅಂತ. ಈ ಸೊಲೆನಾಯ್ಡಿಗೆ ಕರೆಂಟ್ ಹೆಚ್ಚಿದಷ್ಟೂ ಪಂಪ್ ತಳ್ಳುವುದು ಕಡಿಮೆ. ವೈರ್ ತುಂಡಾಗಿ ಕರೆಂಟ್ ಸೊನ್ನೆಯಾದರೆ? ಪಂಪ್ ಪೂರ್ತಿ ತಳ್ಳಲು ಹೋಗಿ, ಲೋಡಿನಲ್ಲಿ ಇಂಜಿನ್ ಆಫ್ ಆಗುತ್ತದೆ. ನೋಡುವವರು ಡೀಸೆಲ್ ಪಂಪಿನ ಕಡೆ ಬೆರಳು ತೋರಿಸುತ್ತಾರೆ.

ಎಮರ್ಜೆನ್ಸಿ ಸ್ವಿಚ್ ಹಾಕಿದರೆ ಕಂಟ್ರೋಲರನ್ನು ಬಳಸದೆ, ಒಂದು ರೆಸಿಸ್ಟರ್ ಮೂಲಕ ನಿಗದಿಯಾದ ಕರೆಂಟ್ ಆ ಕಾಯಿಲ್‌ಗೆ ಹೋಗುತ್ತದೆ. ಗಾಡಿ ಸುಧಾರಿಸಿದರೆ ಪಂಪ್ ಬದುಕಿದೆ, ದೋಷ ಕಂಟ್ರೋಲರ್ ಅಥವಾ ವೈರಿಂಗಿನಲ್ಲಿ. ಏನೂ ಬದಲಾಗದಿದ್ದರೆ ಕಾಯಿಲ್, ವಾಲ್ವ್, ಪಂಪಿನ ಕಡೆ ಹೋಗಬೇಕು. ಒಂದು ಎಚ್ಚರಿಕೆ: ಈ ಸ್ವಿಚ್ಚು ಗಾಡಿಯನ್ನು ಗುಂಡಿಯಿಂದ ಹೊರತರುವಷ್ಟಕ್ಕೆ ಇರುವಂಥದ್ದು. ಹಳೆ ಗಾಡಿ ನೋಡಲು ಹೋದಾಗ ಅದು ಎಮರ್ಜೆನ್ಸಿಯಲ್ಲೇ ಇದ್ದರೆ ಮಾರುವವರನ್ನು ಯಾಕೆ ಅಂತ ಕೇಳಿ.

ಎತ್ತಿಟ್ಟ ಬೂಮ್ ತಾನಾಗಿ ಇಳಿದರೆ

ಬಕೆಟ್ ತುಂಬಿ, ಬೂಮ್ ಎತ್ತಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ನೋಡುತ್ತಾರೆ. ಆಯಿಲ್ 50 ಡಿಗ್ರಿಯಷ್ಟು ಬಿಸಿಯಿರಬೇಕು. ಸ್ವಲ್ಪ ಇಳಿಯುವುದು ಸಹಜ, ಎಷ್ಟು ಅನ್ನುವುದು ಮ್ಯಾನುವಲ್ಲಿನಲ್ಲಿದೆ. ಜಾಸ್ತಿ ಇಳಿದರೆ ಸಿಲಿಂಡರ್ ಸೀಲ್ ಕಿಟ್ ಹಾಕಿಬಿಡುವುದು ರೂಢಿ. ಹಾಕಿದ ಮೇಲೂ ಇಳಿಯುತ್ತಲೇ ಇದ್ದರೆ ದುಡ್ಡು ದಂಡ.

ಕೊಮಾಟ್ಸು ಮೆಕ್ಯಾನಿಕ್‌ಗಳು ಮಾಡುವ ಒಂದು ಪರೀಕ್ಷೆ ಇದನ್ನು ಮೊದಲೇ ಹೇಳುತ್ತದೆ. ಇಂಜಿನ್ ಆಫ್ ಮಾಡಿದ ಕೂಡಲೇ, ಕೀ ಆನ್ ಇಟ್ಟು, ಬೂಮ್ ಲಿವರನ್ನು ಎತ್ತುವ ಕಡೆಗೆ ಎಳೆಯುತ್ತಾರೆ. ಪೈಲಟ್ ಒತ್ತಡವನ್ನು ಸ್ವಲ್ಪ ಕೂಡಿಟ್ಟುಕೊಳ್ಳುವ ಅಕ್ಯುಮ್ಯುಲೇಟರಿನಲ್ಲಿ ಉಳಿದ ಒತ್ತಡದಿಂದ ಸ್ಪೂಲ್ ಸರಿಯುತ್ತದೆ. ಆಗ ಬೂಮ್ ಮೊದಲಿಗಿಂತ ಬೇಗ ಇಳಿದರೆ ಸಿಲಿಂಡರ್ ಸೀಲ್ ಹೋಗಿದೆ. ವೇಗ ಬದಲಾಗದಿದ್ದರೆ ಸೋರಿಕೆ ವಾಲ್ವಿನಲ್ಲಿದೆ. ಯಾಕೆ ಹೀಗೆ? ಸೀಲ್ ಹರಿದಿದ್ದರೆ ಪಿಸ್ಟನ್ ಕೆಳಗಿನ ಆಯಿಲ್ ಮೇಲಿನ ಕೋಣೆಗೆ ನುಸುಳುತ್ತಿರುತ್ತದೆ. ಅಲ್ಲಿ ಹೊರದಾರಿ ಇಲ್ಲದೆ ತಡೆಯುತ್ತಿರುತ್ತದೆ. ಸ್ಪೂಲ್ ಸರಿದಾಗ ಮೇಲಿನ ಕೋಣೆಗೆ ಟ್ಯಾಂಕಿನ ದಾರಿ ತೆರೆಯುತ್ತದೆ. ಕೆಳಗಿನ ಕೋಣೆಯ ಆಯಿಲ್ ಪಂಪಿನ ಕಡೆ ಹಿಂದಿರುಗದಂತೆ ಚೆಕ್ ವಾಲ್ವ್ ಹಿಡಿದಿರುತ್ತದೆ. ಹಾಗಾಗಿ ಬೇಗ ಇಳಿಯಲು ಉಳಿದ ದಾರಿ ಹರಿದ ಸೀಲ್ ಒಂದೇ. ಈ ಪರೀಕ್ಷೆ ಮಾಡುವಾಗ ಬೂಮಿನ ಕೆಳಗೆ, ಬಕೆಟ್ಟಿನ ಹತ್ತಿರ ಯಾರೂ ನಿಲ್ಲಬಾರದು.

ಕೈ ಹಾಕುವ ಮುಂಚೆ

ಸೋರಿಕೆ ಎಲ್ಲಿ ಅಂತ ಕೈಯಿಂದ ಸವರಿ ನೋಡುವವರಿದ್ದಾರೆ. ದಯವಿಟ್ಟು ಬೇಡ. 350 ಕೆಜಿ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಗ್ಲೌಸು, ಚರ್ಮ ದಾಟಿ ಒಳಗೆ ಹೋಗುತ್ತದೆ. ಮುಳ್ಳು ಚುಚ್ಚಿದಷ್ಟು ಗಾಯ, ಮೊದಲಿಗೆ ಅಷ್ಟೇನೂ ನೋವಿಲ್ಲ. ಆದರೆ ತಡವಾದರೆ ಬೆರಳು, ಕೈ ಕಳೆದುಕೊಳ್ಳಬೇಕಾದೀತು. ತಕ್ಷಣ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಒತ್ತಡದಿಂದ ಒಳಗೆ ಹೋಗಿದೆ ಅಂತಲೇ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ.

ಹೋಸ್ ಬಿಚ್ಚುವ ಮೊದಲು ಬಕೆಟ್ ನೆಲಕ್ಕೆ ಊರಿ, ಇಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು ಎಲ್ಲ ಲಿವರುಗಳನ್ನು ನಾಲ್ಕು ಕಡೆಗೂ ಆಡಿಸಬೇಕು. ಆಮೇಲೆ ಟ್ಯಾಂಕಿನ ಮೇಲಿನ ಬ್ರೀದರಿನಿಂದ (ಗಾಳಿ ಆಡುವ ಮುಚ್ಚಳದಿಂದ) ಒತ್ತಡ ಬಿಡಬೇಕು.

ಕೊಳ್ಳಲು ಹೋದಾಗ ಏನು ನೋಡಬೇಕು?

ನೀವು ಬರುವ ಮೊದಲೇ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿದ್ದಾಗ ಸ್ಟಾರ್ಟಿಂಗ್, ಬ್ಯಾಟರಿ, ಹೊಗೆ ಗೊತ್ತಾಗುತ್ತದೆ. ಆಮೇಲೆ ನಿಜವಾದ ಮಣ್ಣಿನಲ್ಲಿ ಒಂದೆರಡು ತಾಸು ಅಗೆಸಿ, ಬಿಸಿಯಾದ ಮೇಲೆ ಸಮಯಗಳನ್ನು ಮತ್ತೆ ಅಳೆಯಿರಿ. ಎರಡು ನಿಮಿಷ ಬೂಮ್ ಆಡಿಸಿ ತೋರಿಸುವುದರಿಂದ ಏನೂ ತಿಳಿಯುವುದಿಲ್ಲ.

ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಬರುತ್ತಾ, ಪಂಪ್ ಕೀರಲು ದನಿ ಮಾಡುತ್ತಿದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ. ಸುಟ್ಟ ವಾಸನೆ ಇದ್ದರೆ ತುಂಬಾ ಬಿಸಿಯಾಗಿ ಓಡಿದೆ. ಎಲ್ಲಕ್ಕಿಂತ ಚೆನ್ನಾಗಿ ಮಾತಾಡುವುದು ರಿಟರ್ನ್ ಫಿಲ್ಟರ್, ಅಂದರೆ ಆಯಿಲ್ ಟ್ಯಾಂಕಿಗೆ ಮರಳುವ ದಾರಿಯ ಫಿಲ್ಟರ್. ಮಾರುವವರು ಒಪ್ಪಿದರೆ ಹೊಸ ಫಿಲ್ಟರ್ ನೀವೇ ಕೊಟ್ಟು, ಹಳೆಯದನ್ನು ಕತ್ತರಿಸಿ, ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ. ಚಿನ್ನದ ಬಣ್ಣದ ಮಿನುಗು ಕಂಡರೆ ಅದು ಹಿತ್ತಾಳೆ ಜಾತಿಯ ಲೋಹ, ಪಂಪ್ ಅಥವಾ ಮೋಟರಿನ ಒಳಭಾಗದ್ದು. ಅಯಸ್ಕಾಂತಕ್ಕೆ ಹತ್ತುವುದು ಉಕ್ಕು. ಕಪ್ಪು ರಬ್ಬರ್ ಚೂರು ಸಿಲಿಂಡರ್ ಸೀಲಿನದು. ಅವರ್ ಮೀಟರಿನ ಅಂಕಿಗಿಂತ ಈ ಬಟ್ಟೆಯನ್ನು ನಾನು ಹೆಚ್ಚು ನಂಬುತ್ತೇನೆ.

ಪಂಪ್ ನಿಜವಾಗಿಯೂ ಹೋಗಿದ್ದರೆ

ಆಗಲೂ ಒಂದು ಪುರಾವೆ ಕೇಳಿ: ಕೇಸ್ ಡ್ರೈನ್. ಪಂಪಿನ, ಮೋಟರಿನ ಒಳಗೆ ಸೋರಿದ ಆಯಿಲ್ ಟ್ಯಾಂಕಿಗೆ ಮರಳುವ ತೆಳು ಹೋಸ್ ಅದು. ಅದನ್ನು ಬಿಚ್ಚಿ, ಟ್ಯಾಂಕಿನ ಬಾಯಿ ಮುಚ್ಚಿ, ಲೋಡಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬಂತು ಅಂತ ಒಂದು ಡಬ್ಬದಲ್ಲಿ ಹಿಡಿದು ನೋಡುತ್ತಾರೆ. ಮ್ಯಾನುವಲ್ಲಿನ ಮಿತಿ ದಾಟಿದ್ದರೆ ಸವೆದದ್ದು ಖಚಿತ.

ಪಂಪ್ ಒಡೆದು ಲೋಹದ ಚೂರು ಹರಡಿದ್ದರೆ ಹೊಸ ಪಂಪ್ ಕೂರಿಸಿದರಷ್ಟೇ ಸಾಲದು. 200ರಿಂದ 250 ಲೀಟರ್ ಆಯಿಲ್ ಸುತ್ತುವ ಎಲ್ಲ ಕಡೆ ಆ ಚೂರುಗಳಿವೆ: ಕೂಲರಿನೊಳಗೆ, ಸಿಲಿಂಡರುಗಳಲ್ಲಿ, ವಾಲ್ವಿನ ಸಂದಿಗಳಲ್ಲಿ. ಟ್ಯಾಂಕ್ ಬಿಚ್ಚಿ ತೊಳೆದು, ಕೂಲರ್ ಫ್ಲಶ್ ಮಾಡಿ, ಎಲ್ಲ ಫಿಲ್ಟರ್ ಬದಲಿಸದಿದ್ದರೆ ಹೊಸ ಪಂಪ್ ಅದೇ ಕಸ ತಿನ್ನುತ್ತದೆ. ಕೂರಿಸಿದ ಮೇಲೆ ಸ್ಟಾರ್ಟ್ ಮಾಡುವ ಮೊದಲೇ ಪಂಪಿನ ಕೇಸಿಗೆ ಆಯಿಲ್ ತುಂಬಿ ಗಾಳಿ ತೆಗೆಯಬೇಕು. ಒಣಗಿದ ಪಂಪ್ ಮೊದಲ ನಿಮಿಷದಲ್ಲೇ ಗೀರು ಬೀಳುತ್ತದೆ. ಸ್ವಲ್ಪ ಹೊತ್ತು ಸ್ಲೋದಲ್ಲಿ ಲೋಡಿಲ್ಲದೆ ಬಿಟ್ಟು, ಒಂದೊಂದೇ ಸಿಲಿಂಡರನ್ನು ಮೆಲ್ಲಗೆ ಆಡಿಸಿ, ಆಮೇಲೆ ಕೆಲಸಕ್ಕೆ ಹಾಕಬೇಕು. 50 ಗಂಟೆ ಓಡಿದ ಮೇಲೆ ರಿಟರ್ನ್ ಫಿಲ್ಟರನ್ನು ಮತ್ತೊಮ್ಮೆ ಕತ್ತರಿಸಿ ನೋಡಿ.